ಕೆಲಸ ಬಿಟ್ಟು ಡಾಕ್ಯುಮೆಂಟರಿಗೆ ಇಳಿಯೋಣ ಅಂತಿದ್ದೇನೆ, ಇದರಲ್ಲೇ ಇರುವವರು ಮನೆ ಹೇಗೆ ನಡೆಸುತ್ತೀರಿ?

ಕೆರೆ_ಏರಿ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಊರು ಕೋಲಾರ ಜಿಲ್ಲೆ, ಕೆಲಸ ಬೆಂಗಳೂರಲ್ಲಿ. ಒಂದು ಜಾಹೀರಾತು ಕಂಪನಿಯಲ್ಲಿ ವಿಡಿಯೊ ಎಡಿಟರ್. ಸಂಬಳ ಸರಿಯಾಗಿ ಬರುತ್ತೆ, ಆ ಬಗ್ಗೆ ದೂರಿಲ್ಲ.

ಆದರೆ ಕೆಲವು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ ಒಬ್ಬ ನೀರಗಂಟಿಯನ್ನು ಶೂಟ್ ಮಾಡುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವರು ನೀರಗಂಟಿ. ನಮ್ಮ ಕಡೆ ಹೆಚ್ಚಾಗಿ ದಲಿತ ಕುಟುಂಬಗಳು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ. ಸುಗ್ಗಿಯಲ್ಲಿ ರೈತರು ಅಳೆದು ಕೊಡುವ ಕಾಳೇ ಕೂಲಿ. ಕೆರೆ ಒಣಗಿ, ಎಲ್ಲರೂ ಬೋರ್‌ವೆಲ್ ಹಾಕಿಸಿಕೊಂಡ ಮೇಲೆ ಆ ಕೆಲಸ ನಿಂತೇ ಹೋಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆರೆ ತುಂಬಿದೆ. ಆದರೆ ಆ ನೀರು ಅಂತರ್ಜಲ ಹೆಚ್ಚಿಸುವುದಕ್ಕೆ ಮಾತ್ರ, ನೇರವಾಗಿ ಬೆಳೆಗೆ ಹರಿಸುವ ಹಾಗಿಲ್ಲ. ಹಾಗಾಗಿ ತೂಬು ಮುಚ್ಚಿಯೇ ಇರುತ್ತೆ. ನೀರಿದೆ, ನೀರಗಂಟಿ ಇದ್ದಾರೆ, ಕೆಲಸ ಮಾತ್ರ ಇಲ್ಲ. ಇದೇ ನನ್ನ ಚಿತ್ರ.

ರಜೆಯಲ್ಲಿ ಹೋಗಿ ಬಂದು ಮಾಡಿದರೆ ಇದು ಮುಗಿಯಲ್ಲ ಅನ್ನಿಸುತ್ತಿದೆ. ಏನಾದರೂ ನಡೆಯುವುದೆಲ್ಲ ನಾನು ಆಫೀಸಿನಲ್ಲಿ ಇರುವಾಗಲೇ. ಕೆಲಸ ಬಿಡೋಣ ಅಂದರೆ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಮಗಳು ಇನ್ನೂ ಚಿಕ್ಕವಳು. ಹೆಂಡತಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. 'ಬಿಡು, ಆದರೆ ಒಂದು ಲೆಕ್ಕ ತೋರಿಸಿ ಬಿಡು' ಅಂದಿದ್ದಾಳೆ. ಆ ಲೆಕ್ಕವೇ ನನ್ನ ಹತ್ರ ಇಲ್ಲ. ಇದರಲ್ಲಿ ದುಡ್ಡು ಎಲ್ಲಿಂದ ಬರುತ್ತೆ? ಗ್ರಾಂಟ್ ಅಂತಾರಲ್ಲ, ಸಂಸ್ಥೆಗಳು ಕೊಡುವ ಧನಸಹಾಯ, ಅದು ಕನ್ನಡದ ಹುಡುಗರಿಗೂ ಸಿಗುತ್ತಾ? ಸೆನ್ಸಾರ್ ಬೇಕಾ? ಇದರಲ್ಲೇ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ_ಟ್ರೈಪಾಡ್

ಮೊದಲು ನಿಮ್ಮ ಚಿತ್ರದ ಮಾತು. ತುಂಬಿದ ಕೆರೆ, ಮುಚ್ಚಿದ ತೂಬು. ನೀವು ಬರೆದ ಆ ನಾಲ್ಕು ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇದನ್ನು ಬಿಡಬೇಡಿ.

ಈಗ ಲೆಕ್ಕ. ನಮ್ಮ ದೇಶದಲ್ಲಿ ಸ್ವತಂತ್ರವಾಗಿ ಡಾಕ್ಯುಮೆಂಟರಿ ಮಾಡಿ, ಅದೇ ಚಿತ್ರಗಳ ದುಡ್ಡಿನಲ್ಲಿ ಮನೆ ನಡೆಸುವವರನ್ನು ನಾನು ನೋಡಿದ್ದು ತೀರಾ ಕಡಿಮೆ. ಮಿಕ್ಕವರೆಲ್ಲ ಬೇರೆ ಏನೋ ಮಾಡುತ್ತಾರೆ. ಬೇರೆಯವರ ಚಿತ್ರಕ್ಕೆ ಕ್ಯಾಮೆರಾ ಹಿಡಿಯುತ್ತಾರೆ, ಎಡಿಟ್ ಮಾಡುತ್ತಾರೆ, ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗುತ್ತಾರೆ, ಸಂಸ್ಥೆಗಳಿಗೆ ಹತ್ತು ನಿಮಿಷದ ವಿಡಿಯೊ ಮಾಡಿಕೊಡುತ್ತಾರೆ. ನಾನೂ ಹಾಗೇ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೊರಗಿನವರಿಗೆ ಇದು ಕಾಣಲ್ಲ ಅಷ್ಟೆ. 'ರೈಟಿಂಗ್ ವಿತ್ ಫೈರ್' 2022ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನ ಆದಾಗ ಎಲ್ಲ ಪೇಪರಿನಲ್ಲೂ ಬಂತು, ಭಾರತದಿಂದ ಆ ವಿಭಾಗಕ್ಕೆ ಹೋದ ಮೊದಲ ಪೂರ್ಣಾವಧಿ ಡಾಕ್ಯುಮೆಂಟರಿ ಅಂತ. ಅದರ ನಿರ್ದೇಶಕರು ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ತಮ್ಮ ಕಂಪನಿ ಶುರು ಮಾಡಿದ್ದು 2009ರಲ್ಲಿ. ಮಧ್ಯದ ಅಷ್ಟು ವರ್ಷ ಅವರೂ ಚಿಕ್ಕ ಚಿಕ್ಕ ಚಿತ್ರ ಮಾಡಿಕೊಂಡೇ ಬಂದವರು, ಹಳ್ಳಿಯ ಹೆಣ್ಣುಮಕ್ಕಳೇ ನಡೆಸುವ 'ಖಬರ್ ಲಹರಿಯಾ' ಸುದ್ದಿಸಂಸ್ಥೆಯ ಪತ್ರಕರ್ತೆಯರ ಜೊತೆ ವರ್ಷಗಟ್ಟಲೆ ತಿರುಗಿದವರು. ಆ ವರ್ಷಗಳ ಬಾಡಿಗೆ ಯಾರು ಕಟ್ಟಿದರು ಅಂತ ಯಾವ ಪೇಪರಿನವರೂ ಕೇಳಲ್ಲ. ನಿಮ್ಮ ಹೆಂಡತಿ ಕೇಳಿದ್ದಾರೆ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ.

ಹಾಗಾಗಿ ರಾಜೀನಾಮೆ ಪತ್ರ ಸದ್ಯಕ್ಕೆ ಎತ್ತಿಡಿ. ನೀವು ಎಡಿಟರ್, ಅದು ದೊಡ್ಡ ಬಲ. ಕ್ಯಾಮೆರಾದವರು ಕೆಲಸ ಸಿಕ್ಕಾಗ ಊರು ಬಿಟ್ಟು ಹೋಗಲೇಬೇಕು, ಎಡಿಟರ್ ಮನೆಯಲ್ಲೇ ಕೂತು ಮಾಡಬಹುದು. ಮೊದಲು ಕಂಪನಿಯಲ್ಲಿ ವಾರಕ್ಕೆ ಮೂರು ದಿನದ ಕೆಲಸ ಕೊಡುತ್ತಾರಾ ಕೇಳಿ. ಇಲ್ಲ ಅಂದರೆ ಹೊರಗಿನಿಂದ ಕಾಯಂ ಕೆಲಸ ಕೊಡುವ ಇಬ್ಬರು ಮೂವರು ಕುದುರಿದ ಮೇಲೆ ಬಿಡಿ. ಕೈಯಲ್ಲಿ ಆರು ತಿಂಗಳ ಮನೆಖರ್ಚು ಇರಲಿ. ಅದನ್ನು ಚಿತ್ರಕ್ಕೆ ಮುಟ್ಟಲೇಬೇಡಿ, ಲೆನ್ಸ್ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ.

ಗ್ರಾಂಟ್ ವಿಚಾರ. ಬೆಂಗಳೂರಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. 1993ರಲ್ಲಿ ಶುರುವಾದ ಸಂಸ್ಥೆ, 1995ರಿಂದ ಕಲೆಗೆ ಸಂಬಂಧಪಟ್ಟ ಕೆಲಸಗಳಿಗೆ ಹಣ ಕೊಡುತ್ತಿದೆ. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕೋಲ್ಕತ್ತಾದಲ್ಲಿ ಡಾಕೆಡ್ಜ್ ಅಂತ ಒಂದು ಪಿಚಿಂಗ್ ವೇದಿಕೆ ಇದೆ, ಬೇರೆ ದೇಶದ ಟಿವಿಯವರು, ಫಂಡ್‌ನವರು ಬಂದು ಕೂರುತ್ತಾರೆ, ನೀವು ಚಿತ್ರದ ಬಗ್ಗೆ ಮಾತಾಡಬೇಕು, ಒಂದು ಟ್ರೈಲರ್ ತೋರಿಸಬೇಕು. ಹೊರಗೆ ಅಂದರೆ ಆಮ್‌ಸ್ಟರ್‌ಡ್ಯಾಮಿನ ಇಡ್ಫಾ ಚಿತ್ರೋತ್ಸವದವರ ಬರ್ಥಾ ಫಂಡ್, ಅಮೆರಿಕದ ಸನ್‌ಡ್ಯಾನ್ಸ್‌ನವರ ಡಾಕ್ಯುಮೆಂಟರಿ ಫಂಡ್. ಇವೆಲ್ಲದಕ್ಕೂ ಪೈಪೋಟಿ ಜಾಸ್ತಿ. ಒಂದೇ ಕಡೆಯಿಂದ ಪೂರ್ತಿ ದುಡ್ಡು ಬರಲ್ಲ, ಅಲ್ಲಿಷ್ಟು ಇಲ್ಲಿಷ್ಟು ಸೇರಿಸಿಯೇ ಚಿತ್ರ ಮುಗಿಸಬೇಕು.

ಅರ್ಜಿಯಲ್ಲಿ ಮುಖ್ಯವಾದದ್ದು ಏನು ಗೊತ್ತಾ? ವಿಷಯ ಎಷ್ಟು ದೊಡ್ಡದು ಅನ್ನುವುದಲ್ಲ. 'ಅಂತರ್ಜಲದ ಬಿಕ್ಕಟ್ಟು' ಅಂತ ಶುರು ಮಾಡಿದರೆ ಓದುವವರು ಅಂಥದ್ದನ್ನು ನೂರು ಓದಿರುತ್ತಾರೆ. ನಿಮ್ಮ ನೀರಗಂಟಿ ಬೆಳಗ್ಗೆ ಎದ್ದು ಈಗಲೂ ಏರಿ ಮೇಲೆ ಹೋಗುತ್ತಾರಾ? ತೂಬಿನ ಹತ್ರ ನಿಲ್ಲುತ್ತಾರಾ? ನೀರಿನ ಬಣ್ಣ ನೋಡಿ ಏನನ್ನುತ್ತಾರೆ? ಅದನ್ನು ಬರೆಯಿರಿ. ಜೊತೆಗೆ ಐದು ನಿಮಿಷದ ಒಂದೇ ದೃಶ್ಯ ಕತ್ತರಿಸಿ ಕಳಿಸಿ. ಹಿನ್ನೆಲೆ ಸಂಗೀತ, ಡ್ರೋನ್ ಶಾಟ್ ಏನೂ ಬೇಡ. ಒಬ್ಬ ಮನುಷ್ಯನ ಜೊತೆ ನೀವು ಎಷ್ಟು ಹತ್ರ ಹೋಗಿದ್ದೀರಿ ಅಂತ ಅದರಲ್ಲೇ ಗೊತ್ತಾಗಿಬಿಡುತ್ತೆ.

ಬೂಮ್_ಅಕ್ಕ

ಮೇಲಿನವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಸಂಸ್ಥೆಗಳಿಗೆ ವಿಡಿಯೊ ಮಾಡಿಕೊಡುವ ಕೆಲಸವನ್ನು ಅಷ್ಟು ಸುಲಭಕ್ಕೆ ಸಲಹೆ ಮಾಡಬೇಡಿ ಸರ್. ದುಡ್ಡು ಬರುತ್ತೆ, ನಿಜ. ಆದರೆ ಹಳ್ಳಿಗೆ ಹೋಗಿ, ಫಲಾನುಭವಿಯನ್ನು ಕೂರಿಸಿ, 'ಈ ಯೋಜನೆಯಿಂದ ನನಗೆ ಒಳ್ಳೆಯದಾಯಿತು' ಅಂತ ಹೇಳಿಸುವುದನ್ನೇ ವರ್ಷಗಟ್ಟಲೆ ಮಾಡಿದರೆ ಕಣ್ಣು ಹಾಗೇ ಪಳಗಿಬಿಡುತ್ತೆ. ಆಮೇಲೆ ಸ್ವಂತ ಚಿತ್ರದಲ್ಲೂ ಜನರಿಂದ ಉತ್ತರ ಹೊರಡಿಸಲು ನೋಡುತ್ತೇವೆ. ಒಳ್ಳೆಯ ನಿರ್ದೇಶಕರು ಹೀಗೆ ಸೊರಗಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮದುವೆ ವಿಡಿಯೊ ಎಡಿಟ್ ಮಾಡಿ, ಅದು ವಾಸಿ. ಹೊಟ್ಟೆಪಾಡಿನ ಕೆಲಸ ನಿಮ್ಮ ಚಿತ್ರಕ್ಕಿಂತ ಆದಷ್ಟು ಬೇರೆ ಥರ ಇರಲಿ.

ನಾನು ಸೌಂಡ್ ರೆಕಾರ್ಡಿಸ್ಟ್, ಹಾಗಾಗಿ ಸೌಂಡಿನ ಬಗ್ಗೆ ಹೇಳದೆ ಇರಕ್ಕಾಗಲ್ಲ. ಕೆರೆ ಏರಿ ಮೇಲೆ ಗಾಳಿ ಯಾವಾಗಲೂ ಇರುತ್ತೆ. ಕ್ಯಾಮೆರಾದ ಮೈಕ್ ನಂಬಬೇಡಿ. ಮೈಕಿಗೆ ಹಾಕುವ ಆ ಕೂದಲಿನ ಗವಸು ಬರುತ್ತಲ್ಲ, ಅದು ಇಲ್ಲದೆ ಏರಿ ಹತ್ತಲೇಬೇಡಿ. ಬಟ್ಟೆಗೆ ಸಿಕ್ಕಿಸುವ ಚಿಕ್ಕ ಲೇಪಲ್ ಮೈಕನ್ನು ಹೆಗಲ ಮೇಲಿನ ಟವೆಲಿಗೆ ಸಿಕ್ಕಿಸಬೇಡಿ. ಊರಿನ ಗಂಡಸರು ಮಾತಾಡುವಾಗ ಆ ಟವೆಲನ್ನು ತೆಗೆದು ಕೊಡವುತ್ತಲೇ ಇರುತ್ತಾರೆ, ಎಲ್ಲ ಮಾತೂ ಹಾಳಾಗುತ್ತೆ. ಬನಿಯನ್ನಿನ ಒಳಗೆ, ಎದೆಯ ಮಧ್ಯಕ್ಕೆ, ಬಟ್ಟೆಯ ಟೇಪು ಹಾಕಿ ಅಂಟಿಸಿ. ಮಾತು ಮುಗಿದ ಮೇಲೆ ಯಾರೂ ಅಲ್ಲಾಡದೆ ಆ ಜಾಗದ ಸದ್ದನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ, ಎಡಿಟ್‌ನಲ್ಲಿ ಅದರ ಬೆಲೆ ನಿಮಗೇ ಗೊತ್ತಿರುತ್ತೆ. ದೇವಸ್ಥಾನದ ಮೈಕಿನಲ್ಲಿ ಸಿನಿಮಾ ಹಾಡು ಬರುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ. ನಾಳೆ ಯಾವುದಾದರೂ ಚಾನೆಲ್ ಚಿತ್ರ ತಗೊಂಡರೆ ಹಿಂದೆ ಕೇಳಿಸುವ ಆ ಹಾಡಿಗೂ ಹಕ್ಕಿನ ಪತ್ರ ತನ್ನಿ ಅಂತಾರೆ.

ಇನ್ನೊಂದು. ಗೆಳೆಯರನ್ನು ಪುಕ್ಕಟೆ ಕೆಲಸಕ್ಕೆ ಕರೆಯಬೇಡಿ. ಶುರುವಿನಲ್ಲಿ ಖುಷಿಯಿಂದ ಬರುತ್ತಾರೆ, ಆದರೆ ಇಂಥ ಚಿತ್ರ ಎಳೆಯುತ್ತಲೇ ಹೋಗುತ್ತೆ. ಕಡಿಮೆಯಾದರೂ ಸರಿ, ಒಂದು ದಿನಗೂಲಿ ನಿಗದಿ ಮಾಡಿ. ಕೈಯಲ್ಲಿ ಇಲ್ಲದಿದ್ದರೆ, ಗ್ರಾಂಟ್ ಬಂದ ಮೇಲೆ ಇಷ್ಟು ಕೊಡುತ್ತೇನೆ ಅಂತ ಮೇಲ್‌ನಲ್ಲಿ ಬರೆದು ಕಳಿಸಿ.

ಹಳೇ_ಟ್ರೈಪಾಡ್

ಬೂಮ್ ಅಕ್ಕ ಹೇಳಿದ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ನನಗೆ ಅಂಥ ಕೆಲಸದಿಂದಲೇ ಹತ್ತಾರು ಜಿಲ್ಲೆ ನೋಡಲು ಸಿಕ್ಕಿತು. ಆದರೆ ಕೆರೆ_ಏರಿಯವರು ಒಂದು ಗೆರೆ ಹಾಕಿಕೊಳ್ಳಲಿ: ಅದೇ ಕೆರೆ, ಅದೇ ಯೋಜನೆ ಬಗ್ಗೆ ಬೇರೆ ಯಾರ ದುಡ್ಡಿನಲ್ಲೂ ವಿಡಿಯೊ ಮಾಡಬಾರದು. ಇಲಾಖೆಯದ್ದೂ ಬೇಡ, ವಿರೋಧ ಮಾಡುವವರದ್ದೂ ಬೇಡ. ಊರವರಿಗೆ ನೀವು ಯಾರ ಕಡೆಯವರು ಅನ್ನುವ ಅನುಮಾನ ಒಮ್ಮೆ ಬಂದರೆ ಆಮೇಲೆ ಹೋಗಲ್ಲ.

ರಸೀದಿ_ಪುಸ್ತಕ

ನಾನು ಚಿತ್ರ ಮಾಡುವವಳಲ್ಲ, ಮಾಡುವವರ ಲೆಕ್ಕ ನೋಡುವವಳು. ಹಾಗಾಗಿ ಒಣ ವಿಷಯವೇ ಹೇಳುತ್ತೇನೆ, ಬೇಜಾರಾದರೂ ಓದಿ.

ಹೊರಗಿನ ಕೆಲಸ ಶುರು ಮಾಡಿದ ದಿನವೇ ಚಿತ್ರಕ್ಕೆ ಬೇರೆ ಬ್ಯಾಂಕ್ ಖಾತೆ ಮಾಡಿ. ಊರಿಗೆ ಹೋದ ಬಸ್ ಟಿಕೆಟ್, ಹಾರ್ಡ್ ಡಿಸ್ಕ್ ಬಿಲ್ ಎಲ್ಲ ಇಡಿ. ಗ್ರಾಂಟ್ ಕೊಡುವವರು ಈವರೆಗೆ ನೀವು ಎಷ್ಟು ಹಾಕಿದ್ದೀರಿ ಅಂತ ಕೇಳೇ ಕೇಳುತ್ತಾರೆ. ಅಲ್ಲಿ ನಿಮ್ಮ ಸ್ವಂತ ದುಡಿಮೆಗೂ ಬೆಲೆ ಕಟ್ಟಿ ತೋರಿಸಿ. ಬಜೆಟ್‌ನಲ್ಲಿ ನಿರ್ದೇಶಕರ ಸಂಭಾವನೆ ಅಂತ ಸೊನ್ನೆ ಬರೆದು ಕಳಿಸುವವರನ್ನು ಎಷ್ಟೋ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ತ್ಯಾಗ ಅಂತ ಯಾರೂ ಓದಲ್ಲ, ಲೆಕ್ಕ ಬರಲ್ಲ ಅಂತ ಓದುತ್ತಾರೆ.

ಫ್ರೀಲಾನ್ಸ್ ಬಿಲ್ ಮೇಲೆ ಸಾಮಾನ್ಯವಾಗಿ 10% ಟಿಡಿಎಸ್, ಅಂದರೆ ಮುಂಚಿತವಾಗಿಯೇ ತೆರಿಗೆ, ಹಿಡಿದು ಕೊಡುತ್ತಾರೆ. ರಿಟರ್ನ್ಸ್ ಹಾಕಿದರೆ ಜಾಸ್ತಿ ಹಿಡಿದದ್ದು ವಾಪಸ್ ಬರುತ್ತೆ. ಸಿನಿಮಾ ಎಡಿಟರ್, ಕ್ಯಾಮೆರಾಮನ್, ನಿರ್ದೇಶಕರಿಗೆ ಒಂದು ಅನುಕೂಲ ಇದೆ: ಮಿತಿಯೊಳಗೆ ಇದ್ದರೆ ಬಂದ ಹಣದ ಅರ್ಧವನ್ನೇ ಆದಾಯ ಅಂತ ತೋರಿಸಿ ತೆರಿಗೆ ಕಟ್ಟಬಹುದು, ಖರ್ಚಿನ ದೊಡ್ಡ ಪುಸ್ತಕ ಇಡಬೇಕಿಲ್ಲ. ವರ್ಷದ ಬಿಲ್ 20 ಲಕ್ಷ ದಾಟಿದರೆ ಜಿಎಸ್‌ಟಿ. ವಿದೇಶಿ ಗ್ರಾಂಟ್ ಆದರೆ ಸಹಿ ಹಾಕುವ ಮೊದಲೇ ಸಿಎ ಹತ್ರ ಹೋಗಿ, ವಿದೇಶಿ ಹಣದ ಮೇಲೆ ಎಫ್‌ಸಿಆರ್‌ಎ ಅಂತ ಕಾನೂನು ಇದೆ. ದುಡ್ಡು ಬಂದ ಮೇಲೆ ಕೇಳಿದರೆ ತಡ.

ಸೆನ್ಸಾರ್ ಬಗ್ಗೆ ಕೇಳಿದಿರಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಕಥಾಚಿತ್ರ, ಡಾಕ್ಯುಮೆಂಟರಿ ಅಂತ ಭೇದ ಇಲ್ಲ. ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸಬೇಕಾದರೆ ಸರ್ಟಿಫಿಕೇಟ್ ಬೇಕು. ರಾಷ್ಟ್ರಪ್ರಶಸ್ತಿಗೆ ಕಳಿಸಬೇಕಾದರೂ ಬೇಕು. ಬೆಂಗಳೂರಲ್ಲೇ ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ, ಅರ್ಜಿ ಆನ್‌ಲೈನ್. ಚಿತ್ರೋತ್ಸವಗಳಿಗೆ ಕೇಂದ್ರದಿಂದ ವಿನಾಯಿತಿ ತರುವುದು ಉತ್ಸವದವರ ಕೆಲಸ. ನಿಮ್ಮ ನೀರಗಂಟಿ ಬೀಡಿ ಸೇದುವ ಶಾಟ್ ಇದ್ದರೆ ತಂಬಾಕು ಎಚ್ಚರಿಕೆ ಸಾಲು ಹಾಕಿಸುತ್ತಾರೆ, ಅದಕ್ಕೂ ತಯಾರಿರಿ.

ಮುಖ್ಯವಾದ್ದು, ಚಿತ್ರದಲ್ಲಿ ಇರುವವರ ಒಪ್ಪಿಗೆ ಪತ್ರ. ಕನ್ನಡದಲ್ಲಿ ಬರೆಸಿ. ಓದಲು ಬರದಿದ್ದರೆ ಓದಿ ಹೇಳಿ, ಅದನ್ನೇ ಕ್ಯಾಮೆರಾದಲ್ಲಿ ಹಿಡಿಯಿರಿ. ಅವರಿಗೆ ದುಡ್ಡು ಕೊಡುತ್ತೀರಾ ಇಲ್ಲವಾ ಅನ್ನುವುದನ್ನು ಈಗಲೇ ಬಿಚ್ಚಿ ಮಾತಾಡಿ. ಕೊಡುವುದು ತಪ್ಪು ಅನ್ನುವವರಿದ್ದಾರೆ, ನಾನು ಒಪ್ಪಲ್ಲ. ಒಬ್ಬ ಬಡ ಮುದುಕರು ನಿಮಗಾಗಿ ಕೂಲಿ ಬಿಟ್ಟು ದಿನವೆಲ್ಲ ಕೂತರೆ ಆ ದಿನದ ಕೂಲಿ ಕೊಡಬೇಕು.

ಕೆರೆ_ಏರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಂಡತಿಗೂ ಓದಿಸಿದೆ. ರಸೀದಿ_ಪುಸ್ತಕ ಮೇಡಂ ಬರೆದದ್ದನ್ನು ಎರಡು ಸಲ ಓದಿದಳು.

ಹಳೇ ಟ್ರೈಪಾಡ್ ಸರ್ ಕೇಳಿದ್ದಕ್ಕೆ: ಹೌದು, ಈಗಲೂ ದಿನಾ ಏರಿ ಮೇಲೆ ಹೋಗುತ್ತಾರೆ. ತೂಬಿನ ಕಲ್ಲುಗಂಬದ ಮೇಲೆ ನೀರು ಯಾವ ಮಟ್ಟಕ್ಕೆ ಬಂದಿದೆ ನೋಡುತ್ತಾರೆ. ಕೆಳಗೆ ಗದ್ದೆ ಕಡೆ ತಿರುಗಿ, ಇಷ್ಟು ನೀರಿಗೆ ಎಷ್ಟು ಎಕರೆ ನಾಟಿ ಮಾಡಬಹುದಿತ್ತು ಅಂತ ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಯಾರೂ ಕೇಳಿರಲ್ಲ. ಅದು ನನ್ನ ಹತ್ರ ಶೂಟ್ ಆಗಿದೆ.

ಇನ್ನೊಂದು ಕೇಳಬೇಕು. ಚಿತ್ರ ಮುಗಿದ ಮೇಲೆ ಸುಮ್ನೆ ಯೂಟ್ಯೂಬ್‌ಗೆ ಹಾಕಿಬಿಟ್ಟರೆ ಆಗಲ್ವಾ? ನಮ್ಮ ಊರಿನವರೆಲ್ಲ ನೋಡುವುದು ಅಲ್ಲೇ. ಚಿತ್ರೋತ್ಸವಕ್ಕೆ ಬರುವವರು ಬೇರೆ ಜನ, ಅಲ್ವಾ?

ಬೆಳ್ಳಿತೆರೆ_ಬಾಡಿಗೆಗೆ

ನಾನು ಧಾರವಾಡದ ಕಡೆಯವನು. ಗೆಳೆಯರು ಸೇರಿ ಕಾಲೇಜುಗಳಲ್ಲಿ, ಸಂಘದ ಕಚೇರಿಗಳಲ್ಲಿ ಚಿತ್ರ ತೋರಿಸುತ್ತೇವೆ. ಯೂಟ್ಯೂಬ್ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ.

ಹಾಕಿ, ಆದರೆ ಕೊನೆಗೆ ಹಾಕಿ. ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುವ ಚಿತ್ರವನ್ನು ಬಹಳಷ್ಟು ಉತ್ಸವಗಳು ತಗೊಳ್ಳಲ್ಲ, ಚಾನೆಲ್‌ನವರು ಕೇಳಲೇ ಬರಲ್ಲ. ದೊಡ್ಡ ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅಂತಾವೆ, ಹಾಗಾಗಿ ಎಲ್ಲಿಗೆ ಮೊದಲು ಕಳಿಸಬೇಕು ಅಂತ ಯೋಚಿಸಿ ಕಳಿಸಿ. ನಮ್ಮ ಹತ್ತಿರ ಅಂದರೆ ತಿರುವನಂತಪುರದ ಡಾಕ್ಯುಮೆಂಟರಿ ಮತ್ತು ಕಿರುಚಿತ್ರ ಉತ್ಸವ. ಕೇರಳ ಚಲಚ್ಚಿತ್ರ ಅಕಾಡೆಮಿಯವರು 2008ರಿಂದ ಮಾಡುತ್ತಿದ್ದಾರೆ. ಅಲ್ಲಿ ಡಾಕ್ಯುಮೆಂಟರಿಗೆ ಜನ ಕ್ಯೂ ನಿಲ್ಲುತ್ತಾರೆ, ಒಮ್ಮೆ ಪ್ರೇಕ್ಷಕರಾಗಿಯಾದರೂ ಹೋಗಿ ಬನ್ನಿ. ಮುಂಬೈನ ಡಾಕ್ಯುಮೆಂಟರಿ ಉತ್ಸವ ಮಿಫ್ ಎರಡು ವರ್ಷಕ್ಕೊಮ್ಮೆ. ಅದೇ ಮಿಫ್‌ನಲ್ಲಿ 2004ರ ಹೊತ್ತಿಗೆ ಭಾರತದ ಚಿತ್ರಗಳಿಗೆ ಮಾತ್ರ ಸೆನ್ಸಾರ್ ಸರ್ಟಿಫಿಕೇಟ್ ಬೇಕು ಅಂದಾಗ ದೇಶದ ಡಾಕ್ಯುಮೆಂಟರಿಯವರೆಲ್ಲ ಒಟ್ಟಾಗಿ ವಿರೋಧ ಮಾಡಿದರು, ಅದೇ ಸಮಯಕ್ಕೆ 'ವಿಕಲ್ಪ್' ಅಂತ ತಮ್ಮದೇ ಉತ್ಸವ ಮಾಡಿ ತೋರಿಸಿದರು. ದೂರದರ್ಶನದ ವಿರುದ್ಧ ಡಾಕ್ಯುಮೆಂಟರಿ ನಿರ್ದೇಶಕ ಆನಂದ್ ಪಟವರ್ಧನ್ ವರ್ಷಗಟ್ಟಲೆ ಕೋರ್ಟ್ ಅಲೆದು, 2006ರಲ್ಲಿ ಸುಪ್ರೀಂ ಕೋರ್ಟಿನಿಂದಲೇ ತಮ್ಮ ಒಂದು ಚಿತ್ರ ಪ್ರಸಾರ ಮಾಡಬೇಕು ಅಂತ ಆದೇಶ ತಂದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ತೋರಿಸುವುದು ಕೂಡ ಈ ಕೆಲಸದ ಭಾಗವೇ. ಎಡಿಟ್ ಮುಗಿದ ಮೇಲೂ ಒಂದೆರಡು ವರ್ಷದ ದುಡಿಮೆ ಇರುತ್ತೆ ಅಂತ ಲೆಕ್ಕದಲ್ಲಿ ಸೇರಿಸಿ.

ಥಿಯೇಟರ್ ಆಸೆ ಇಟ್ಟುಕೊಳ್ಳಬೇಡಿ. 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಥಿಯೇಟರಿಗೆ ಬಂತು, ಜನ ದುಡ್ಡು ಕೊಟ್ಟು ನೋಡಿದರು. ಆದರೆ ಅದು ಕಾಡು, ಹುಲಿ, ಡೇವಿಡ್ ಅಟೆನ್‌ಬರೋ ದನಿ. ನಿಮ್ಮ ಚಿತ್ರದ ದಾರಿ ಬೇರೆ.

ನಮ್ಮಲ್ಲೇ ಅದಕ್ಕೆ ದಾರಿ ಹಾಕಿದವರಿದ್ದಾರೆ. 1980ರ ಹೊತ್ತಿಗೆ ಬೆಂಗಳೂರಲ್ಲಿ 'ಯುಗಾಂತರ್' ಅಂತ ಒಂದು ತಂಡ ಇತ್ತು. ದೀಪಾ ಧನರಾಜ್, ಆಭಾ ಭೈಯ, ಮೀರಾ ರಾವ್, ಕ್ಯಾಮೆರಾಗೆ ನವರೋಜ್ ಕಾಂಟ್ರಾಕ್ಟರ್. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಸಂಘ ಕಟ್ಟಿದ್ದನ್ನು ಅವರು 1982ರಲ್ಲಿ ಚಿತ್ರ ಮಾಡಿದರು. ತಿಂಗಳುಗಟ್ಟಲೆ ಅವರ ಜೊತೆ ಇದ್ದು, ಅವರು ಹೇಳಿದ್ದನ್ನು ಕೇಳಿ ಆಮೇಲೆ ಕ್ಯಾಮೆರಾ ತೆಗೆದವರು. ಎಷ್ಟೋ ದಶಕ ಆದ ಮೇಲೆ ಬರ್ಲಿನ್‌ನ ಒಂದು ಚಿತ್ರಸಂಸ್ಥೆಯವರು ಆ ರೀಲುಗಳನ್ನು ಸರಿಮಾಡಿ ಡಿಜಿಟಲ್ ಮಾಡಿದರು, ಈಗ ಹೊಸ ಹುಡುಗ ಹುಡುಗಿಯರು ನೋಡುತ್ತಿದ್ದಾರೆ. ನಮ್ಮ ಬೆಳಗಾವಿ ಜಿಲ್ಲೆಯ ಚಿತ್ರ ಅದು, ನಮಗೇ ಗೊತ್ತಿಲ್ಲ. ನನಗೆ ಅದೊಂದು ನೋವು.

ಉತ್ಸವಕ್ಕೆ ಬರುವವರು ಬೇರೆ ಜನ ಅಂದಿರಿ, ನಿಜ. ಹಾಗಾದರೆ ಊರಲ್ಲಿ ಮೊದಲು ತೋರಿಸಿ. ಉತ್ಸವಕ್ಕೆ ಕಳಿಸುವ ಮೊದಲೇ, ಪೂರ್ತಿ ಆಗದ ಚಿತ್ರವನ್ನೇ, ನೀರಗಂಟಿಯವರ ಮನೆ ಮುಂದೆ ತೋರಿಸಿ. ಆ ಮನುಷ್ಯರಿಗೆ ಯಾವುದಾದರೂ ಒಂದು ಮಾತು ಊರಲ್ಲಿ ತೊಂದರೆ ತರುತ್ತೆ ಅನ್ನಿಸಿದರೆ ತೆಗೆಯಲು ಆಗ ಇನ್ನೂ ಸಮಯ ಇರುತ್ತೆ. ಕೆರೆ ನೀರು ಕದ್ದು ಎತ್ತುವವರ ಮಾತೇನಾದರೂ ಅದರಲ್ಲಿದ್ದರೆ ಇದು ಇನ್ನೂ ಮುಖ್ಯ.

ಕೊನೆಗೆ ಒಂದು, ಇಂಗ್ಲಿಷ್ ಸಬ್‌ಟೈಟಲ್ ಹಾಕುವಾಗ ಜೊತೆಗೆ ಕನ್ನಡದ್ದೂ ಹಾಕಿ. ಕೋಲಾರದ ಮಾತು, ಅದರಲ್ಲಿ ಬೆರೆತ ತೆಲುಗು, ನಮ್ಮ ಧಾರವಾಡದ ಹುಡುಗರಿಗೆ ಪೂರ್ತಿ ತಿಳಿಯಲ್ಲ.

ಬೂಮ್_ಅಕ್ಕ

ಬಾಯಲ್ಲೇ ಲೆಕ್ಕ ಹಾಕುವ ಆ ದೃಶ್ಯ ಇದೆಯಲ್ಲ, ಅದೇ ನಿಮ್ಮ ಐದು ನಿಮಿಷ. ಅದರ ಸೌಂಡ್ ಹೇಗಿದೆ? ಗಾಳಿ ಹೊಡೆದಿದ್ದರೆ ನನಗೆ ಕಳಿಸಿ, ಎಷ್ಟು ತೆಗೆಯಬಹುದು ನೋಡುತ್ತೇನೆ.

ಕೆರೆ_ಏರಿ

ಗಾಳಿ ಇದೆ ಅಕ್ಕ, ಆದರೆ ಮಾತು ಕೇಳಿಸುತ್ತೆ. ಕಳಿಸುತ್ತೇನೆ. ಪ್ರಸ್ತಾವನೆ ಕನ್ನಡದಲ್ಲೇ ಬರೆಯಲು ಶುರು ಮಾಡಿದ್ದೇನೆ. ಕಂಪನಿಯಲ್ಲಿ ಮೂರು ದಿನದ ಕೆಲಸದ ಬಗ್ಗೆ ಸೋಮವಾರ ಕೇಳುತ್ತೇನೆ.

ಹಳೇ_ಟ್ರೈಪಾಡ್

ಬರೆದ ಮೇಲೆ ಮೆಸೇಜ್ ಮಾಡಿ, ಓದಿ ಹೇಳುತ್ತೇನೆ. ಎರಡು ಪುಟ ದಾಟಿಸಬೇಡಿ. ಮತ್ತೆ ಆ ಹಾರ್ಡ್ ಡಿಸ್ಕಿನ ಎರಡನೇ ಪ್ರತಿ ಮಾಡಿ, ಅದನ್ನು ಬೆಂಗಳೂರಿನ ಮನೆಯಲ್ಲಿ ಇಡಬೇಡಿ, ಊರಲ್ಲಿ ಇಡಿ.